ಊರೂರ ಗಾಳಿ ಮೂಸಿದ ನಮ್ಮ ಕಾಕಾ

ನಮ್ಮ ಕಾಕಾ ಮುಂಬಯಿ ನೋಡಿ ಬಂದವರು. ಎಷ್ಟು ನೋಡಿದರು ಅಂತೀರಾ? ರೈಲಿನ ಕಿಟಕಿಯಲ್ಲಿ ಹಿಡಿಸುವಷ್ಟು! ಗಿರಣಿಗಳ ಚಿಮಣಿ ಸಾಲು ಕಂಡದ್ದೇ ತಡ, ಸ್ಟೇಷನ್ನಿನಿಂದ ಹೊರಗೆ ಕಾಲಿಡದೆ ಮರುಗಾಡಿ ಹತ್ತಿದರು. ನಮ್ಮೂರು ಬೆಟಗೇರಿಗೆ ಮರಳಿ ಬಂದವರನ್ನು "ಸಮುದ್ರ ಹೆಂಗಿತ್ರೀ?" ಎಂದು ಕೇಳಿದರೆ, "ಹೊಗಿ ಭಾಳ ಇತ್ತು" ಎಂದರು. ಮುಗಿಯಿತು ಪ್ರವಾಸಕಥನ!

ಕಾಕಾ ಸೀರೆ ನೇಯುವವರು. ಮಗ್ಗದ ಮುಂದೆ ಕೂತರೆ ಬಲು ತಣ್ಣಗಿನ ಮನುಷ್ಯ. ಊರು ನೋಡಲು ಹೊರಟರೆ ಮಾತ್ರ ಎಲ್ಲರೂ ಕಣ್ಣು ತೆರೆದರೆ ಇವರು ಮೂಗು ತೆರೆಯುತ್ತಿದ್ದರು. ಹೋದಲ್ಲೆಲ್ಲ ಮೊದಲು ಒಂದು ಬಿಳಿ ವಸ್ತ್ರವನ್ನು ಕಟ್ಟೆಯ ಮೇಲೆ ಹರವಿ, ತಾಸುಗಟ್ಟಲೆ ಕಾದು, ಅದರ ಮೇಲೆ ಮಸಿ ಬಿದ್ದಿದೆಯೇ ಎಂದು ಹುಡುಕಬೇಕು. ಗುಡಿ, ಪೇಟೆ ಎಲ್ಲ ಆಮೇಲೆ. ಆ 'ಆಮೇಲೆ' ಬರುತ್ತಲೇ ಇರಲಿಲ್ಲ!

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಪುಣೆಯ ಬೀಗರು ಪಕ್ಕದ ಗದಗಿನ ಗುಡಿ ನೋಡಲು ಬಂದರು. ಹತ್ತಿಯ ಸುಗ್ಗಿ. ಅರಳೆ ತೆಗೆಯುವ ಜಿನ್ನುಗಳು ಹಗಲಿಡೀ ಹೊಗೆ, ಧೂಳು ಕಾರುತ್ತಿದ್ದವು. ಕಾಕಾ ಬಂದ ಅಷ್ಟೂ ಮಂದಿಯ ಮೂಗುಬಾಯಿಗೆ ಒದ್ದೆ ಬಟ್ಟೆ ಕಟ್ಟಿಸಿ ಸಾಲಾಗಿ ಕರೆದೊಯ್ದರು. ಅರ್ಚಕರು ಗಾಬರಿಯಾಗಿ ಬಾಗಿಲಲ್ಲೇ ತಡೆದು, "ಯಾವ ಊರಿನವರ್ರೀ? ಅಲ್ಲಿ ಪ್ಲೇಗ ಬಂದೈತೇನು?" ಎಂದರು! ಬೀಗರು ಸಂಜೆಯ ಗಾಡಿಗೇ ವಾಪಸಾದರು. "ಚೊಲೋ ಆತು, ಅವರ ಎದಿ ಉಳೀತು" ಎಂದರು ಕಾಕಾ. ಎದೆ ಉಳಿಯಿತು, ಬೀಗತನ ಉಳಿಯಲಿಲ್ಲ!

ಇಷ್ಟಾದ ಮೇಲೂ ನನಗೆ ಬುದ್ಧಿ ಬಂತೇ? ಏಕೀಕರಣವಾಗಿ ನಾವು ಮೈಸೂರು ರಾಜ್ಯದವರಾದೆವು. ನಾನಾಗ ಹೊಂಬಳದಲ್ಲಿ ಹೊಸ ಮಾಸ್ತರ. "ನಮ್ಮ ರಾಜ್ಯದ ಅರಮನಿ ನಾವು ನೋಡೂದು ಬ್ಯಾಡೇನ್ರೀ?" ಎಂದು ಹುರುಪಿನಿಂದ ಕಾಕಾನನ್ನು ಹೊರಡಿಸಿದೆ.

ಮೈಸೂರಿನಲ್ಲಿ ಕೈಗೆ ಸಿಕ್ಕದ್ದು ಒಂದೇ ದಿನ. ಮಧ್ಯಾಹ್ನದೊಳಗೆ ಮೂರು ಕೋಣೆ ಬದಲಾದವು! ಮೊದಲನೆಯದಕ್ಕೆ ಬಚ್ಚಲೊಲೆಯ ಹೊಗೆ. ಎರಡನೆಯದಕ್ಕೆ ಅಡುಗೆಮನೆಯದು. ಅಲ್ಲಿನ ಮಾಲೀಕ ಕೈಮುಗಿದು, "ಒಲೆ ಹಚ್ಚದೆ ಇಡ್ಲಿ ಹೇಗ್ ಬೇಯ್ಸೋದು ಸ್ವಾಮಿ?" ಎಂದ. ಮೂರನೆಯ ಕೋಣೆಯ ಪಕ್ಕದಲ್ಲಿ ಬೀಡಿ ಸೇದುವವನಿದ್ದ. ನಾನು ಗಂಟು ಹೊತ್ತು ಹೊತ್ತು ಸಾಕಾಗಿ ಕುಳಿತೆ. ತಿರುಗಿ ನೋಡಿದರೆ ಕಾಕಾ ಮಾಯ!

ಹುಡುಕಿ ಹುಡುಕಿ, ಕೊನೆಗೆ ಒಂದು ಕೆರೆಯ ಏರಿಯ ಮೇಲೆ ಸಿಕ್ಕರು. ಸೊಪ್ಪು ಮಾರುವ ಹೆಂಗಸನ್ನು ತಡೆದು ನಿಲ್ಲಿಸಿ, "ತಂಗೀ, ಇಲ್ಲಿ ಮಂದಿ ಮುಂಜಾನೆದ್ದು ಕೆಮ್ತಾರೇನವಾ?" ಎಂದು ವಿಚಾರಿಸುತ್ತಿದ್ದರು. ಆಕೆ ಬುಟ್ಟಿ ಅವುಚಿಕೊಂಡು ಓಡದಿದ್ದುದೇ ಪುಣ್ಯ!

"ಸಾಕು ಮಾಡ್ರೀ ಕಾಕಾ!" ನಾನು ಕಿರುಚಿಬಿಟ್ಟೆ. "ಅರಮನಿ ನೋಡಾಕ ಬಂದೇವೋ, ಹೊಗಿ ಹುಡುಕಾಕೋ?"

ಕಾಕಾ ಸಿಟ್ಟಾಗಲಿಲ್ಲ. "ಅರಮನಿ ನೋಡೂ ಆಸೆ ನಂದಲ್ಲೋ ತಮ್ಮಾ, ನಿಮ್ಮ ಕಾಕೂಂದು. ಲಗ್ನ ಆದಾಗಿಂದ ಊರು ತೋರಸ್ರಿ ಅಂತಾಳ. ಆಕಿ ಎದಿ ತಡಕೊಳ್ಳೂ ಅಂಥಾ ಊರು ಸಿಗಬೇಕಲ್ಲ?"

ಕಾಕು ಹರೆಯದಲ್ಲಿ ಜಿನ್ನಿನಲ್ಲಿ ಹತ್ತಿ ಆರಿಸಿ ದಮ್ಮು ಹಚ್ಚಿಕೊಂಡವಳು. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಅವಳ ಕೆಮ್ಮು ಓಣಿಗೆಲ್ಲ ಗೊತ್ತು. ಆದರೂ ನಾವೆಲ್ಲ ಕಾಕಾನನ್ನು ನೋಡಿ ನಕ್ಕದ್ದೇ ನಕ್ಕದ್ದು.

ಆ ಸಂಜೆ ಏರಿಯ ಮೇಲೆ ಹರವಿದ ಕಾಕಾನ ಬಿಳಿ ವಸ್ತ್ರಕ್ಕೆ ಮಸಿ ತಾಗಲಿಲ್ಲ. ಮುಂದಿನ ರಜೆಗೆ ಕಾಕುವನ್ನು ಮೈಸೂರಿಗೆ ಕರೆತಂದೆವು. ಎಂಜಿನ್ನಿನ ಹೊಗೆ ತಾಗಬಾರದೆಂದು ಕೊಟ್ಟಕೊನೆಯ ಡಬ್ಬಿಯಲ್ಲಿ ಕೂಡಿಸಿ, ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಗಾಡಿ ಬದಲಿಸುವಾಗಲೂ ಕೊನೆಯ ಡಬ್ಬಿಗೇ ಓಡಾಡಿದೆವು. ಮರುದಿನ ಬೆಳಿಗ್ಗೆ ಅರಮನೆಯ ಮುಂದಿನ ಬಯಲಿನಲ್ಲಿ ಕಾಕು ಬಾಯಿಗೆ ಹಿಡಿದ ಸೆರಗು ಬಿಟ್ಟು ತಲೆಯೆತ್ತಿದಳು.

"ಅಯ್ಯ ನೋಡ್ರೀ, ಎಷ್ಟ ಛಂದ ಐತಿ, ಆ ಗೋಪುರ ನೋಡ್ರೀ, ಬಿಸಲಿಗೆ ಹೆಂಗ ಹೊಳ್ಯಾಕತ್ತೈತಿ!" ಅಷ್ಟನ್ನೂ ಎಲ್ಲಿಯೂ ನಿಲ್ಲದೆ ಹೇಳಿದಳು.

ಕಾಕಾ ಗೋಪುರ ನೋಡಲಿಲ್ಲ. ಉಸಿರು ಬಿಗಿಹಿಡಿದು, ಆಕೆಯ ಮುಖವನ್ನೇ ನೋಡುತ್ತ ನಿಂತಿದ್ದರು.