ಬಾಗಿಲಿಲ್ಲದ ಮನೆಗಳ ಮುಂದೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ಮರುದಿನ ಓದಿ, ಇದನ್ನು ಬರೆದವನು ಎಂಥ ಸುಳ್ಳುಗಾರ ಅಂದುಕೊಳ್ಳುತ್ತೇನೆ. ಇಂಥವನಿಗೆ ಇನ್ನೊಬ್ಬರ ನೆನಪನ್ನು ಪರೀಕ್ಷಿಸುವ ಕೆಲಸ ವಹಿಸಿದ್ದು ನನ್ನ ಹೆಂಡತಿ ಪದ್ಮಾಳ ತಪ್ಪು.

ಪರೀಕ್ಷೆ ನನ್ನ ಚಿಕ್ಕಮ್ಮನಿಗೆ. ಹೊಸಪೇಟೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಶನಿವಾರ ಬಂತೆಂದರೆ ಒಬ್ಬರೇ ಬಸ್ಸು ಹತ್ತಿ ಹಂಪಿಗೆ ಹೋಗಿ, ಪ್ರಾಣದೇವರ ದರ್ಶನ ಮಾಡಿ ಬರುತ್ತಾರೆ. ವಾರಕ್ಕೊಮ್ಮೆ ಅವರು ಯಾರನ್ನೂ ಕೇಳದೆ ಮಾಡುವ ಕೆಲಸ ಅದೊಂದೇ. ಈಚೆಗೆ ಒಲೆಯ ಮೇಲೆ ಹಾಲಿಟ್ಟು ಮರೆತರೆಂದು ಪದ್ಮಾಗೆ ದಿಗಿಲು. "ರೀ, ಭಾನುವಾರ ಕಾರಿನಾಗ ಒಂದ್ ರೌಂಡ್ ಕರ್ಕೊಂಡು ಹೋಗ್ರಿ. ಮಾತು ಹಳಿ ತಪ್ಪಿದ್ರ ನನಗ ಹೇಳ್ರಿ. ಅಲ್ಲಿಗೆ ಬಸ್ಸು ಬಂದ್" ಅಂದಳು. ಹಾಲಿಟ್ಟಿದ್ದು ಚಿಕ್ಕಮ್ಮನೋ ನಾನೋ ಎಂಬುದು ನನಗೆ ಈಗಲೂ ಖಚಿತವಿಲ್ಲ.

ಭಾನುವಾರ ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಂಪಿಯ ಕಡೆ ಹೊರಟೆ. ಕಡ್ಡಿರಾಂಪುರ ದಾಟಿದರೆ ಹಳೆಯ ರಾಜಧಾನಿಯ ನಡುಪೇಟೆ. ಇಷ್ಟು ಸಲೀಸಾಗಿ ಗಾಡಿ ಓಡಿಸಬಹುದಾದ ನಡುಪೇಟೆ ಬೇರೆಲ್ಲೂ ಇರಲಾರದು. ಸಿಗ್ನಲ್ ಇಲ್ಲ, ಗದ್ದಲ ಇಲ್ಲ, ಪೇಟೆಯವರು ಊರು ಬಿಟ್ಟು ಶತಮಾನಗಳೇ ಆದವು. ಸಂಜೆ ಬಿಸಿಲಲ್ಲಿ ಬಂಡೆಗಳು ಒಂದರ ಮೇಲೊಂದು ಕೂತು ನಮ್ಮ ಕಾರನ್ನೇ ನೋಡುತ್ತಿದ್ದವು. ಬಂಡೆ ನೋಡುವುದಿಲ್ಲ, ಗೊತ್ತು. ಆದರೂ ವೇಗ ತಗ್ಗಿಸಿದೆ.

ಹಂಪಿ ಬಜಾರಿನ ಬಾಯಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದೆ. ಪ್ರವಾಸಿಗಳೆಲ್ಲ ಸೂರ್ಯಾಸ್ತ ನೋಡಲು ಹೇಮಕೂಟ ಹತ್ತಿದ್ದರು, ಬಜಾರು ಬರಿದಾಗಿತ್ತು. ಚಿಕ್ಕಮ್ಮ ಹುಟ್ಟಿದ್ದು ಅಲ್ಲಿನ ಒಂದು ಕಲ್ಲುಮಂಟಪದಲ್ಲಿ. ಆಗ ಆ ಮಂಟಪಗಳಲ್ಲಿ ಸಂಸಾರಗಳಿದ್ದವು. ಅವರ ಮನೆಗೆ ಬಾಗಿಲಿರಲಿಲ್ಲ, ಕಂಬದಿಂದ ಕಂಬಕ್ಕೆ ಹಳೇ ಸೀರೆಯ ಪರದೆ. ಹಾಗಾಗಿ ಬಂದವರು ಹೊರಗೆ ನಿಂತು ಕೆಮ್ಮಬೇಕು; ಒಳಗಿನವರು ತಿರುಗಿ ಕೆಮ್ಮಿದರೆ ಮಾತ್ರ ಪರದೆ ಸರಿಸಬೇಕು. ಈಗ ಸಂಸಾರವೂ ಇಲ್ಲ, ಪರದೆಯೂ ಇಲ್ಲ.

"ಲೇ ಶೀನಾ, ಕೆಮ್ಮೋ" ಅಂದರು ಚಿಕ್ಕಮ್ಮ.

"ಯಾಕ ಚಿಕ್ಕಮ್ಮ? ಯಾರದಾರ ಅಲ್ಲಿ?"

"ಹೆಣ್ಮಕ್ಕಳು ಸೀರಿ ಉಟ್ಕೊಳ್ಳೋ ಹೊತ್ತು. ಇಷ್ಟ್ ಓದೀದಿ, ಒಂದ್ ಕೆಮ್ಮಲಿಕ್ಕೆ ಬರಂಗಿಲ್ಲೇನು?"

ಸಿಕ್ಕಿತು ಸಾಕ್ಷಿ, ಬಸ್ಸು ಬಂದ್ ಎಂದುಕೊಳ್ಳುತ್ತ ಕೆಮ್ಮಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಂಟಪದೊಳಗಿಂದ ಒಂದು ಕೆಮ್ಮು ಬಂತು, ಬಾಯಿಗೆ ಬಟ್ಟೆ ಹಿಡಿದಂತೆ ಮೆತ್ತಗೆ. ಪ್ರತಿಧ್ವನಿ ಇರಬೇಕು. ಆದರೆ ಪ್ರತಿಧ್ವನಿ ಇಷ್ಟು ಯೋಚನೆ ಮಾಡಿ ಬರುತ್ತದೆಯೇ? ಹಾಗಾದರೆ ಯಾವುದೋ ಆಡು ಇರಬೇಕು. ಇಳಿದು ಹೋಗಿ ನೋಡಿದೆ. ಆಡೂ ಇರಲಿಲ್ಲ. ಕಂಬಗಳ ನಡುವೆ ತಣ್ಣಗೆ ಕತ್ತಲು ಕೂತಿತ್ತು. ಎದುರು ಯಾರೋ ಇದ್ದಾರೆ, ಸುಮ್ಮನೆ ನಿಂತರೆ ಮರ್ಯಾದೆಯಲ್ಲ ಅನ್ನಿಸಿ, "ಆರಾಮ ಅದೀರೇನ್ರಿ?" ಎಂದು ಬಾಯಿಂದ ಬಂದೇಬಿಟ್ಟಿತು.

ಮನೆಗೆ ಮರಳುವಾಗ ಲೆಕ್ಕಾಚಾರ ಹಾಕಿದೆ. ಚಿಕ್ಕಮ್ಮ ಖಾಲಿ ಮಂಟಪದ ಮುಂದೆ ಕೆಮ್ಮು ಅಂದರು ಎಂದರೆ ಅವರ ಬಸ್ಸು ನಿಲ್ಲುತ್ತದೆ. ಒಳಗಿಂದ ಉತ್ತರ ಬಂತು ಎಂದರೆ ನನ್ನ ಕಾರು ನಿಲ್ಲುತ್ತದೆ. "ನೆನಪು ಮಸ್ತ್ ಅದ" ಎಂದಷ್ಟೇ ಪದ್ಮಾಗೆ ವರದಿ ಒಪ್ಪಿಸಿದೆ.

ಚಿಕ್ಕಮ್ಮ ಅಷ್ಟಕ್ಕೇ ಬಿಡಲಿಲ್ಲ. ಅಡುಗೆಮನೆಯಿಂದ ಅವರ ದನಿ ಕೇಳಿಸಿತು. "ಪದ್ಮಾ, ಆ ಮಂಟಪ ಖಾಲಿ ಆಗಿ ಭಾಳ ವರ್ಷ ಆತು, ನನಗ ಗೊತ್ತಿಲ್ಲೇನು? ಹುಟ್ಟಿದ ಮನಿ, ಒಂದ್ ಕೆಮ್ಮಿನ ಮರ್ಯಾದಿ, ಅಷ್ಟ. ಇಂವ ನೋಡಿದ್ರ ಕಂಬದ ಮುಂದ ನಿಂತು 'ಆರಾಮ ಅದೀರೇನ್ರಿ' ಅಂತಾನ! ಒಬ್ಬನ್ನೇ ಗಾಡಿ ಕೊಟ್ಟು ಕಳಸಬ್ಯಾಡ."

ಹೀಗೆ ಚಿಕ್ಕಮ್ಮನ ಬಸ್ಸು ಉಳಿಯಿತು. ನನ್ನ ಕಾರಿಗೆ ಕಾವಲು ಬಂತು. ಈಗ ನಾನು ಎಲ್ಲಿಗೆ ಹೊರಟರೂ ಪಕ್ಕದ ಸೀಟಿನಲ್ಲಿ ಅವರು. ಹೋದ ಭಾನುವಾರ ಮತ್ತೆ ಬಜಾರಿನ ಬಾಯಲ್ಲಿ ನಿಂತೆವು. ಈ ಸಲ ಕೆಮ್ಮಲೇಬಾರದೆಂದು ತುಟಿ ಬಿಗಿದು, ಉಸಿರನ್ನೂ ಹಿಡಿದು ಕೂತಿದ್ದೆ. ಆದರೂ ಮಂಟಪದ ಕಡೆಯಿಂದ ಅದೇ ಮೆತ್ತನೆಯ ಕೆಮ್ಮು ಕೇಳಿಸಿತು.

ಚಿಕ್ಕಮ್ಮ ನನ್ನ ಕಡೆ ತಿರುಗಿ, "ಔಷಧ ತಗೊಳ್ಳೋ ಶೀನಾ" ಅಂದರು.