ಗೋಡೆಗೆ ಮುಖ ಮಾಡಿದ ಮಗ್

ನಾನು ಪದವೀಧರನಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ಬೇರೆ ಯಾರೂ ಅಲ್ಲ, ನಮ್ಮ ಅವ್ವನ ತಮ್ಮ ಶಂಕ್ರಪ್ಪ ಮಾಮಾ. ಸಿಟ್ಟಿನಿಂದ ಹೇಳಲಿಲ್ಲ, ಹೊಟ್ಟೆಕಿಚ್ಚಿನಿಂದಲೂ ಅಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಹೇಳುವ ಹಾಗೆ ಹೇಳಿದರು. ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್ನಿನ ಅವರ ಮನೆಯಲ್ಲಿ ದೀಪಾವಳಿಯ ಊಟಕ್ಕೆ ಕೂತಿದ್ದೆವು. "ಕೆಲವು ಮನೆತನಕ್ಕ ಕರಿ ಸೀರಿ ಆಗಿ ಬರೂದಿಲ್ಲ, ಕೆಲವರಿಗೆ ಹಾಗಲ ಬಳ್ಳಿ ಆಗಿ ಬರೂದಿಲ್ಲ. ನಮಗ ಡಿಗ್ರಿ ಆಗಿ ಬರೂದಿಲ್ಲ" ಎಂದರು. ಅವರ ಬಳಿ ಸಾಕ್ಷಿಗಳೂ ಇದ್ದವು. ಅವರ ಅಣ್ಣ ಬಿ.ಎ. ಕೊನೆಯ ಪರೀಕ್ಷೆಯ ಬೆಳಿಗ್ಗೆ ಜ್ವರ ಬಂದು ಮಲಗಿದವರು ಮತ್ತೆ ಪುಸ್ತಕ ಮುಟ್ಟಲಿಲ್ಲ. ಅವರ ಕಾಕಾ ಹಾಲ್ ಟಿಕೆಟ್ ಹಿಡಿದು ಹಳ್ಳ ದಾಟುವಾಗ ಕಾಲು ಜಾರಿದರು. ಕಾಕಾ ದಡ ಸೇರಿದರು, ಟಿಕೆಟ್ ಸೇರಲಿಲ್ಲ. ಇಂಥ ವಂಶದಲ್ಲಿ ಹುಟ್ಟಿ ಸಂಖ್ಯಾಶಾಸ್ತ್ರ ತೆಗೆದುಕೊಂಡವನು ನಾನು. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮಾಮಾ ಐಟಿಐ ಕಲಿತು, ಹುಬ್ಬಳ್ಳಿಯ ವರ್ಕ್‌ಶಾಪಿನಿಂದ ಡೆಟ್ರಾಯಿಟ್ ಕಡೆಯ ಬಿಡಿಭಾಗಗಳ ಕಾರ್ಖಾನೆಗೆ ಬಂದವರು. ನಮ್ಮ ಅಪ್ಪ ತೀರಿಕೊಂಡ ಮೇಲೆ ತಮ್ಮ ಅಕ್ಕನಾದ ಅವ್ವನನ್ನೂ ಹತ್ತು ವರ್ಷದ ನನ್ನನ್ನೂ ಕರೆಸಿಕೊಂಡರು. ಅವ್ವನಿಗೆ ಕನ್ನಡದ ಅಕ್ಷರವೂ ಬಾರದು, ಇಂಗ್ಲಿಷಿನದೂ ಬಾರದು. ಆದರೆ ರೊಟ್ಟಿ ಬಡಿದ ಕೈಗೆ ಪ್ಯಾನ್‌ಕೇಕ್ ಯಾವ ಲೆಕ್ಕ? ಅಲ್ಲೇ ಲಿವೋನಿಯಾ ಹತ್ತಿರದ ಒಂದು ಕಾಲೇಜಿನ ಫ್ರಟರ್ನಿಟಿ ಮನೆಯಲ್ಲಿ ಅಡುಗೆಗೆ ಸೇರಿದಳು. ಫ್ರಟರ್ನಿಟಿ ಎಂದರೆ ಏನೆಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಮೂರು ಗ್ರೀಕ್ ಅಕ್ಷರಗಳ ಹೆಸರು, ಹಳೆಯ ಮೂರಂತಸ್ತಿನ ಮನೆ, ಹೊರಗಿನವರಿಗೆ ಹೇಳಬಾರದ ಒಂದು ಪ್ರತಿಜ್ಞೆ. ಅರ್ಧ ಹಾಸ್ಟೆಲ್ಲು, ಅರ್ಧ ಮಠ. ಪ್ರಸಾದ ಮಾತ್ರ ನಮ್ಮ ಅವ್ವನ ಕೈಯದು. ಅದೇ ಕಾಲೇಜಿಗೆ ನಾನು ಸೇರಿದಾಗ ಆ ಮನೆಯ ಹುಡುಗರು ನನ್ನನ್ನೂ ಸದಸ್ಯನನ್ನಾಗಿ ಮಾಡಿಕೊಂಡರು. ನನ್ನ ಯೋಗ್ಯತೆ ನೋಡಿಯೋ, ಬಿಟ್ಟರೆ ಚಪಾತಿ ನಿಂತೀತೆಂಬ ಭಯಕ್ಕೋ, ಇವತ್ತಿಗೂ ನನಗೆ ತಿಳಿಯದು.

ಈಗ ತಪ್ಪೊಪ್ಪಿಗೆ. ಇಲ್ಲಿನ ಕಾಲೇಜುಗಳಲ್ಲಿ ಒಂದೆರಡು ವಿಷಯ ಬಾಕಿಯಿದ್ದರೂ ಘಟಿಕೋತ್ಸವದಲ್ಲಿ ಕರಿ ಗೌನು ತೊಟ್ಟು ವೇದಿಕೆ ಹತ್ತಲು ಬಿಡುತ್ತಾರೆ. ಕೈಕುಲುಕಿ ಒಂದು ಚಂದದ ಫೋಲ್ಡರ್ ಕೊಡುತ್ತಾರೆ. ಒಳಗೆ ಸರ್ಟಿಫಿಕೇಟ್ ಇರುವುದಿಲ್ಲ. ಎಲ್ಲ ವಿಷಯ ಮುಗಿದ ಮೇಲೆ ಅಂಚೆಯಲ್ಲಿ ಬರುತ್ತದೆಂಬ ಚೀಟಿ ಇರುತ್ತದೆ. ಸಂಖ್ಯಾಶಾಸ್ತ್ರದ ಪರೀಕ್ಷೆಯ ದಿನ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ನನ್ನ ಕಾರಿನ ಬ್ಯಾಟರಿ ಸತ್ತು ನಾನು ಹೋಗಿರಲಿಲ್ಲ. ಮುಂದಿನ ಸಲ ಬರೆದರಾಯಿತೆಂದು ವೇದಿಕೆ ಹತ್ತಿದೆ. ಅವ್ವ ಫೋಲ್ಡರನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ದೇವರ ಹಲಗೆಯ ಮೇಲಿಟ್ಟಳು. ದಿನಾ ಊದಿನಕಡ್ಡಿ. ಆ ಮುಂದಿನ ಸಲ ಮೂರು ವರ್ಷವಾದರೂ ಬರಲಿಲ್ಲ. ಷಿಕಾಗೋ ಹತ್ತಿರದ ಲಿಸ್ಲ್‌ನಲ್ಲಿ ಕೆಲಸ ಸಿಕ್ಕಿತು. ಅರ್ಜಿಯಲ್ಲಿ ಡಿಗ್ರಿ ಎಂಬ ಜಾಗದಲ್ಲಿ 'ಬರಲಿದೆ' ಎಂದು ಬರೆದಿದ್ದೆ. ಯಾರೂ ಎಲ್ಲಿ ಎಂದು ಕೇಳಲಿಲ್ಲ. ಪ್ರತಿ ಸಲ ಅವ್ವನ ಮನೆಗೆ ಹೋದಾಗ ಆ ಖಾಲಿ ಫೋಲ್ಡರಿಗೆ ನಾನೂ ಕೈಮುಗಿಯಬೇಕು. ಖಾಲಿ ಎಂದು ಗೊತ್ತಿದ್ದವನ ಕೈ ಎಷ್ಟು ಭಾರವಾಗುತ್ತದೆಂದು ಮುಗಿದವರಿಗೇ ಗೊತ್ತು.

ಇಂಥವನನ್ನು ಹುಡುಕಿ ಚಾಪ್ಟರಿನವರು, ಅಂದರೆ ಆ ಫ್ರಟರ್ನಿಟಿಯ ನಮ್ಮ ಕಾಲೇಜಿನ ಶಾಖೆಯವರು, ಹಳೆಯ ವಿದ್ಯಾರ್ಥಿಗಳ ಕಾರ್ಯದರ್ಶಿಯನ್ನಾಗಿ ಮಾಡಿದರು. ಷಿಕಾಗೋ ಕಡೆ ಹೋದವರನ್ನೂ ಡೆಟ್ರಾಯಿಟ್ ಕಡೆ ಉಳಿದವರನ್ನೂ ಫೋನು ಮಾಡಿ ಮಾತಾಡಿಸುತ್ತ, ಚಾಪ್ಟರಿನ ನಂಟು ಕಡಿಯದಂತೆ ನೋಡಿಕೊಳ್ಳುವುದು ಕೆಲಸ. ತಿಂಗಳಿಗೊಂದು ಶನಿವಾರ ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿ ಆ ಮನೆಗೆ ಹೋಗುತ್ತೇನೆ. ಹೋಗುವಾಗ ದಾರಿಯಲ್ಲಿ ಒಂದು ಗಂಟೆ ಮಾಯವಾಗುತ್ತದೆ, ಬರುವಾಗ ಅದೇ ಜಾಗದಲ್ಲಿ ಮರಳಿ ಸಿಗುತ್ತದೆ. ಗಡಿಯಾರದ ವಲಯ ಬದಲಾಗುವುದೆಂದು ಗೊತ್ತಿದೆ. ಆದರೂ ಆ ಗಂಟೆ ನಡುವೆ ಎಲ್ಲಿ ಕೂತಿರುತ್ತದೆ ಎಂದು ಯೋಚಿಸಿ ಮೈ ಜುಂ ಎಂದದ್ದುಂಟು.

ಆ ಮನೆಯ ನೆಲಮಾಳಿಗೆಯಲ್ಲಿ ಒಂದು ಗೋಡೆಯ ತುಂಬ ಹಲಗೆಗಳಿವೆ, ಹಲಗೆಗಳ ತುಂಬ ಚಹಾ ಕಾಫಿಯ ಮಗ್‌ಗಳು. ಕಾಲೇಜು ಬಿಟ್ಟು ಹೋಗುವವನು ತನ್ನ ಮಗ್ಗಿನ ಮೇಲೆ ಹೆಸರು ಬರೆದು, ಹೆಸರು ಎದುರಿಗೆ ಕಾಣುವಂತೆ ಇಟ್ಟು ಹೋಗಬೇಕು. ಅವನು ತೀರಿಕೊಂಡ ಸುದ್ದಿ ಬಂದ ದಿನ ಆ ಮಗ್ಗನ್ನು ಗೋಡೆಯ ಕಡೆ ತಿರುಗಿಸುತ್ತಾರೆ. ಭಾಷಣವಿಲ್ಲ, ಹೂವಿಲ್ಲ. ಪಕ್ಕದಲ್ಲೇ ಮನೆ ಬೆಚ್ಚಗಿಡುವ ಹೀಟಿಂಗಿನ ಕುಲುಮೆ, ಯಾರೋ ನಿದ್ದೆಯಲ್ಲಿ ಉಸಿರು ಹಿಡಿದು ಬಿಟ್ಟಂತೆ ಆಗಾಗ ಸದ್ದು ಮಾಡುತ್ತದೆ. ಗೋಡೆಯ ಇನ್ನೊಂದು ತುದಿಗೆ ಹಳೇ ಕಾಲದ ಒಂದು ಫೋನು. ಅದರಿಂದಲೇ ಕಾರ್ಯದರ್ಶಿ ಫೋನು ಮಾಡಬೇಕೆಂಬುದು ಪದ್ಧತಿ.

ನಾನು ಕಾರ್ಯದರ್ಶಿಯಾದ ಮೊದಲ ಅಕ್ಟೋಬರಿನಲ್ಲಿ, ಹಾಡುಹಗಲು ಹನ್ನೊಂದು ಗಂಟೆಗೆ, ಬ್ರಯನ್‌ನ ಮಗ್ ಗೋಡೆಗೆ ಮುಖ ಮಾಡಿ ಕೂತಿತ್ತು. ಬ್ರಯನ್ ನನಗಿಂತ ಏಳೆಂಟು ವರ್ಷ ದೊಡ್ಡವನು, ಲಿವೋನಿಯಾದಲ್ಲೇ ಹಲ್ಲಿನ ಡಾಕ್ಟರು. ಯಾರೂ ನನಗೆ ಸುದ್ದಿ ಹೇಳಿರಲಿಲ್ಲ. ದುಃಖದ ದನಿ ತಯಾರಿ ಮಾಡಿಕೊಂಡು, ಹೆಂಡತಿ ಎತ್ತಿದರೆ ಏನು ಹೇಳುವುದೆಂದು ಎರಡು ಸಲ ಗುನುಗಿಕೊಂಡು ಫೋನು ಮಾಡಿದೆ. ಎತ್ತಿದವನು ಬ್ರಯನ್. ನೀನು ಬದುಕಿದ್ದೀಯಾ ಎಂದು ಕೇಳಲಾದೀತೇ? ಸುಮ್ಮನೆ ಮಾತಾಡಿಸೋಣವೆಂದು ಮಾಡಿದೆ ಎಂದೆ. ಸತ್ತವನು ನಲವತ್ತು ನಿಮಿಷ ಮಾತಾಡಿದ. ಐದು ವರ್ಷದಿಂದ ಚಾಪ್ಟರಿನವರು ಯಾರೂ ತನ್ನನ್ನು ನೆನೆದಿರಲಿಲ್ಲವೆಂದು ಹೇಳಿದ. ಮುಂದಿನ ಕೂಟಕ್ಕೆ ಎಲ್ಲರಿಗೂ ಹಲ್ಲುಜ್ಜುವ ಬ್ರಷ್ ತಂದ.

ಆಮೇಲೆ ಇದೇ ಕತೆಯಾಯಿತು. ಮೂರ್ನಾಲ್ಕು ತಿಂಗಳಿಗೊಮ್ಮೆ ಒಂದು ಮಗ್ ತಿರುಗುವುದು, ನಾನು ಹೆದರುತ್ತ ಫೋನು ಮಾಡುವುದು, ಆ ಕಡೆಯಿಂದ ಬದುಕಿರುವ ಮನುಷ್ಯ ಹಲೋ ಎನ್ನುವುದು. ಮನೆಯಲ್ಲಿದ್ದ ಹುಡುಗರನ್ನು ಕೇಳಿದರೆ ಒಬ್ಬರೂ ಮುಟ್ಟಿಲ್ಲವೆಂದು ಆ ಪ್ರತಿಜ್ಞೆಯ ಮೇಲೆಯೇ ಆಣೆ ಮಾಡಿದರು. ಆರನೆಯದು ಹೆರಾಲ್ಡ್ ಅವರದು, ಎಲ್ಲಕ್ಕಿಂತ ಮೇಲಿನ ಹಲಗೆ. ಚಾಪ್ಟರಿನ ಅತಿ ಹಿರಿಯರು, ಲಿಸ್ಲ್‌ನಲ್ಲಿ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ, ಒಂಟಿ ಜೀವ. ಮಗ್ ತಿರುಗಿದ್ದನ್ನು ಶನಿವಾರ ನೋಡಿದೆ, ಫೋನು ಮಾಡಿದರೆ ಚೆನ್ನಾಗಿಯೇ ಮಾತಾಡಿದರು. ಆದರೂ ಭಾನುವಾರ ಊರು ತಲುಪಿದವನಿಗೆ ಮನಸ್ಸು ತಡೆಯಲಿಲ್ಲ, ಮತ್ತೆ ಮಾಡಿದೆ. ಎತ್ತಲಿಲ್ಲ. ಹೋಗಿ ಕಿಟಕಿಯಲ್ಲಿ ಇಣುಕಿದರೆ ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದವರು ಇನ್ನೂ ಏಳಲಾಗದೆ ನೆಲದ ಮೇಲಿದ್ದರು. ಆಂಬುಲೆನ್ಸಿನಲ್ಲಿ ಮಲಗಿ, ನಿನಗೆ ಯಾರು ಹೇಳಿದರು ಎಂದು ಕೇಳಿದರು. ನಿಮ್ಮ ಮಗ್ ಎಂದೆ. ಅವರು ನನ್ನ ತೋಳು ಹಿಡಿದು, ದಯವಿಟ್ಟು ಅದನ್ನು ಈ ಕಡೆ ತಿರುಗಿಸಿಡು ಎಂದರು. ಅವರು ಉಳಿದರು. ಆದರೆ ನನ್ನ ತಲೆಯಿಂದ ಒಂದು ಲೆಕ್ಕ ಹೋಗಲಿಲ್ಲ: ಮಗ್ ತಿರುಗಿದ್ದು ಶನಿವಾರ, ಅವರು ಬಿದ್ದದ್ದು ಭಾನುವಾರ.

ಸುದ್ದಿ ಹಬ್ಬಿತು. ನಾನು ಫೋನು ಮಾಡುವ ಮೊದಲೇ ಹಳಬರು ತಾವಾಗಿ ಮಾಡಿ, ನನ್ನ ಮಗ್ ಹೇಗಿದೆ ಎಂದು ವಿಚಾರಿಸತೊಡಗಿದರು. ಕೂಟಗಳಿಗೆ ಜನ ಕಿಕ್ಕಿರಿದರು. ಚಾಪ್ಟರಿನ ಇತಿಹಾಸದಲ್ಲೇ ಇಂಥ ಕಾರ್ಯದರ್ಶಿ ಇರಲಿಲ್ಲವೆಂದು ಹೊಗಳಿದರು. ಹೆದರಿಕೆಗೆ ಇಷ್ಟು ಸಂಘಟನಾ ಶಕ್ತಿ ಇದೆಯೆಂದು ನನಗೂ ಗೊತ್ತಿರಲಿಲ್ಲ.

ಮೂರನೆಯ ಅಕ್ಟೋಬರಿನಲ್ಲಿ ಇಳಿದು ಹೋದಾಗ ತಿರುಗಿದ್ದು ನನ್ನ ಮಗ್. ಕೆಳಗಿನ ಸಾಲು, ಕಂದು ಬಣ್ಣ, ಹಿಡಿಕೆಯಲ್ಲಿ ಸೀಳು. ಕುಲುಮೆ ಉಸಿರು ಹಿಡಿಯಿತು, ಬಿಡಲಿಲ್ಲ. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಏನು ಮಾಡುತ್ತಾರೋ ತಿಳಿಯದು. ನಾನು ಪದ್ಧತಿಯಂತೆ ನಡೆದೆ. ಗೋಡೆಯ ಫೋನಿನಿಂದ ನನ್ನ ನಂಬರಿಗೇ ಫೋನು ಮಾಡಿದೆ. ಜೇಬಿನೊಳಗೆ ಮೊಬೈಲು ನಡುಗಿತು. ತೆಗೆದು ನೋಡಿದರೆ ಪರದೆಯ ಮೇಲೆ 'ಚಾಪ್ಟರ್ ನೆಲಮಾಳಿಗೆ' ಎಂದು ಬರುತ್ತಿದೆ. ಎತ್ತುವ ಧೈರ್ಯವಾಗಲಿಲ್ಲ. ಎತ್ತಿದರೆ ಆ ಕಡೆ ಮಾತಾಡುವವನು ಯಾರು? ನಾಲ್ಕು ಸಲ ರಿಂಗಾಗಿ ನಿಂತಿತು. ಆಮೇಲೆ ಕಿವಿಗೆ ಹಿಡಿದಿದ್ದ ರಿಸೀವರಿನಲ್ಲಿ, ಎಂದೋ ರೆಕಾರ್ಡ್ ಮಾಡಿಟ್ಟಿದ್ದ ನನ್ನದೇ ದನಿ, ಬಹಳ ಸಭ್ಯವಾಗಿ, ನಾನು ಈಗ ಸಿಗುವುದಿಲ್ಲ ಎಂದು ಹೇಳಿತು.

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಅಡುಗೆಮನೆಯಲ್ಲಿ ಅವ್ವ ಚಪಾತಿ ಲಟ್ಟಿಸುತ್ತಿದ್ದಳು. ಯವ್ವಾ, ನಾ ಇನ್ನ ಭಾಳ ದಿನ ಇರಾಂಗಿಲ್ಲ ಅನ್ನಸ್ತೈತಿ ಎಂದು ಎಲ್ಲವನ್ನೂ ಹೇಳಿದೆ. ಅವಳು ಲಟ್ಟಣಿಗೆ ನಿಲ್ಲಿಸಲಿಲ್ಲ.

"ನಾನ ಹೊಳ್ಳಿಸೀನಿ" ಎಂದಳು.

ಮಗ್ ತಿರುಗಿಸಿದ್ದು ತಾನೇ ಎಂದು ಸಾವಕಾಶ ಬಿಡಿಸಿ ಹೇಳಿದಳು. ಅವಳಿಗೆ ಮಗ್‌ಗಳ ಮೇಲಿನ ಹೆಸರು ಓದಲು ಬಾರದು. ಆದರೆ ಹದಿನೈದು ವರ್ಷ ತೊಳೆದ ಕೈಗೆ ಯಾವುದು ಯಾರದೆಂದು ಗೊತ್ತು. ಯಾರು ವರ್ಷಗಟ್ಟಲೆ ಬರಲಿಲ್ಲ, ಯಾರ ದನಿ ಕೇಳಲಿಲ್ಲ, ಅವಳ ಲೆಕ್ಕದಲ್ಲಿರುತ್ತದೆ. ಪಟ್ಟಿ ಬರೆದು ಕೊಡಲು ಅಕ್ಷರವಿಲ್ಲ. ಬಾಯಲ್ಲಿ ಹೇಳಿದರೆ ನಾನು ಆತು ಆತು ಎಂದು ಮರೆಯುತ್ತೇನೆ. ಹೊಳ್ಳಿಸಿಟ್ಟರೆ ಹೆದರಿಯಾದರೂ ಫೋನು ಮಾಡುತ್ತೇನೆ. ದನಿ ಇಲ್ಲದಾಂವ ಇದ್ದರೇನು, ಹೋದರೇನು, ತಾಯಂದಿರಿಗೆ ಎರಡೂ ಒಂದೇ ಎಂದಳು. ಬೆರಳು ಮಡಿಚಿ ಎಣಿಸಿದಳು: ಹಲ್ಲಿನ ಡಾಕ್ಟರು, ಸಕ್ಕರಿ ಇಲ್ಲದ ಚಾದಾಂವ, ಹೀಗೆ ಐದು. ನಾನು ಆರು ಎಂದೆ, ಹೆರಾಲ್ಡ್ ಅವರದು?

"ಅಂವ ಯಾರೋ ನಾ ಕಾಣೆ. ಅಷ್ಟು ಮ್ಯಾಲಿನ ಹಲಗಿ ನನಗ ನಿಲುಕೂದೂ ಇಲ್ಲ" ಎಂದಳು.

ಹಂಚಿನ ಮೇಲಿನ ಚಪಾತಿ ತಿರುವಿ ಹಾಕಿದಳು. ಕೊನೆಗೆ ನಾನೇ ಕೇಳಿದೆ. ನಾನು ತಿಂಗಳ ತಿಂಗಳ ಬರಾಂವ, ನನ್ನದ್ಯಾಕ ಹೊಳ್ಳಿಸಿದಿ?

ಅವ್ವ ಒಲೆ ಆರಿಸಿದಳು. ದಸರೆಗೆ ದೇವರ ಹಲಗೆ ಒರೆಸುವಾಗ ಫೋಲ್ಡರಿನಿಂದ ಚೀಟಿ ಬಿದ್ದಿತ್ತಂತೆ. ಮಾಮಾ ಬಂದಿದ್ದರು, ಓದಿಸಿದಳಂತೆ. ಮಾಮಾ ಓದಿ, ಕನ್ನಡಕ ತೆಗೆದು, ಚೀಟಿಯನ್ನು ಇದ್ದ ಹಾಗೆ ಒಳಗಿಟ್ಟು, ಆಮೇಲೆ ಅರ್ಥ ಹೇಳಿದರಂತೆ. ಗೆದ್ದವರ ಮುಖ ಅವರದಿರಲಿಲ್ಲವಂತೆ.

"ಮೂರು ವರ್ಷ ಖಾಲಿ ರಟ್ಟಿಗೆ ಊದಿನಕಡ್ಡಿ ಹಚ್ಚೀನಲೋ, ಬಸು" ಎಂದಳು. ದನಿ ಏರಿಸಲಿಲ್ಲ. "ಊರ ಮಂದಿಗೆಲ್ಲಾ ಫೋನ್ ಮಾಡಿ ಮಾತಾಡಸ್ತಿ. ನಿನಗ ನೀ ಮಾಡ್ಕೊಂಡರ ಎತ್ತೂದಿಲ್ಲ."

ಅದೇ ವಾರ ಬಾಕಿ ಇದ್ದ ವಿಷಯಕ್ಕೆ ಹೆಸರು ಹಚ್ಚಿದೆ. ಆಫೀಸು ಮುಗಿಸಿ ಬಂದು ಕಂಪ್ಯೂಟರಿನಲ್ಲೇ ಪಾಠ. ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಿ ಕೂರಬೇಕು. ಸಂಭವನೀಯತೆಯ ಸೂತ್ರಗಳನ್ನೆಲ್ಲ ಕಲಿತೆ. ಹೆರಾಲ್ಡ್ ಅವರ ಮಗ್ಗನ್ನು ಯಾವ ಸೂತ್ರದೊಳಗೆ ಹಾಕಿದರೂ ಅದು ಕೂರಲಿಲ್ಲ; ಕುಲುಮೆಯ ಅದುರಿಕೆ ಎಂದು ಬರೆದು ಅಡಿಗೆರೆ ಎಳೆದೆ. ಪರೀಕ್ಷೆಯ ಹಿಂದಿನ ಸಂಜೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಶಂಕ್ರಪ್ಪ ಮಾಮಾ, ಕ್ಯಾಂಟನ್ನಿನಿಂದ ಹೇಳದೆ ಕೇಳದೆ ಬಂದಿದ್ದಾರೆ, ಕೈಯಲ್ಲಿ ಕಾರಿನ ಹೊಸ ಬ್ಯಾಟರಿ. "ಆಗಿ ಬರೂದಿಲ್ಲ ಅಂದಮ್ಯಾಲ ನಾವ ಹುಷಾರಿರಬೇಕಲ್ಲ" ಎಂದರು. ನನ್ನ ಸೋಫಾದ ಮೇಲೆ ಮಲಗಿದರು. ಬೆಳಿಗ್ಗೆ ನನ್ನ ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಮಾಮಾ ಆದರೂ ತಮ್ಮ ಕಾರಿನಲ್ಲಿ ನನ್ನ ಹಿಂದೆಯೇ ಬಂದು, ನಾನು ಹೊರಗೆ ಬರುವ ತನಕ ಪಾರ್ಕಿಂಗಿನಲ್ಲಿ ಕೂತಿದ್ದರು, ವಂಶವನ್ನು ಕಾಯುವವರಂತೆ.

ಪಾಸಾದೆ. ದರ್ಜೆ ಕೇಳಬೇಡಿ, ಸರ್ಟಿಫಿಕೇಟಿನ ಮೇಲೆ ಅದನ್ನು ಬರೆಯುವುದಿಲ್ಲ. ಮೇ ತಿಂಗಳ ಕೊನೆಗೆ ಅದು ಅಂಚೆಯಲ್ಲಿ ಬಂತು. ಫ್ರಟರ್ನಿಟಿ ಮನೆಗೆ ಒಯ್ದಾಗ ಕಾಲೇಜಿಗೆ ರಜೆ, ಹುಡುಗರೆಲ್ಲ ಊರಿಗೆ ಹೋಗಿ ಮನೆ ಬಿಕೋ ಎನ್ನುತ್ತಿತ್ತು. ಡಬ್ಬಿಗಳನ್ನು ತೊಳೆದಿಡಲು ಬಂದಿದ್ದ ಅವ್ವ, ಅವಳನ್ನು ಕರೆದುಕೊಂಡು ಬಂದಿದ್ದ ಮಾಮಾ, ನಾನು, ಮೂರೇ ಜನ. ಅವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮತ್ತೊಮ್ಮೆ ತೊಳೆದು ಬಂದಳು. ಕೊಟ್ಟೆ. ಮಾಮಾ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು, ಸಹಿಗಳನ್ನೂ ಬಿಡಲಿಲ್ಲ. ಅವ್ವ ಕಣ್ಣು ಮುಚ್ಚಿ, ಉಬ್ಬಿದ ಮುದ್ರೆಯ ಮೇಲೆ ಬೆರಳಾಡಿಸುತ್ತ ಕೇಳಿಸಿಕೊಂಡಳು.

ಆಗ ನನ್ನ ಜೇಬಿನಲ್ಲಿ ಮೊಬೈಲು ನಡುಗಿತು. ತೆಗೆದೆ. 'ಚಾಪ್ಟರ್ ನೆಲಮಾಳಿಗೆ' ಎಂದು ಬರುತ್ತಿತ್ತು. ಮಾಮಾ ಕನ್ನಡಕ ಸರಿಪಡಿಸಿಕೊಂಡು ಪರದೆ ಓದಿದರು, ಕೆಳಗಿಳಿಯುವ ಮೆಟ್ಟಿಲ ಕಡೆ ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಅವ್ವ ಮಾತ್ರ ಮುದ್ರೆಯಿಂದ ಬೆರಳು ತೆಗೆಯಲಿಲ್ಲ, ಕಣ್ಣೂ ತೆರೆಯಲಿಲ್ಲ.

"ಎತ್ತಪಾ" ಎಂದಳು. "ಡಿಗ್ರಿ ಆದಾಂವ ಅದಿ, ಇನ್ನೇನ ಹೆದರಿಕಿ."