ಮೇಷ್ಟ್ರ ಕಾರಿಗೆ ಬೆಳಗಿನ ಜಾಡ್ಯ

ಮೂರು ತಿಂಗಳಿಂದ ಫಿಸಿಕ್ಸ್ ಮೇಷ್ಟ್ರ ಮನೆಯಲ್ಲಿ ಎರಡು ಸಂಗತಿಗಳು ನಿಂತುಹೋಗಿದ್ದವು. ಒಂದು, ಪಕ್ಕದ ಮನೆಯ ಟೈಲರಕ್ಕನ ಜೊತೆ ಮಾತು. ಬಟ್ಟೆ ಒಣಗಿಸುವ ತಂತಿಯಿಂದ ಒಂದು ನೀಲಿ ಕ್ಲಿಪ್ಪು ಮಾಯವಾಯಿತು; ಮೇಷ್ಟ್ರ ಹೆಂಡತಿ ಕಾಂಪೌಂಡಿನ ಮೇಲಿಂದ ಕೇಳಿದರು; ನಾವು ಕ್ಲಿಪ್ ಕಳ್ಳರ ಹಾಗೆ ಕಾಣ್ತೀವಾ ಎಂದು ಟೈಲರಕ್ಕ ಕಿಟಕಿ ಮುಚ್ಚಿದರು.

ಇನ್ನೊಂದು, ಕಾರು. ಇಪ್ಪತ್ತೆರಡು ವರ್ಷದ್ದು. ಮನುಷ್ಯರಾಗಿದ್ದರೆ ಡಿಗ್ರಿ ಮುಗಿಸಿ ಅಪ್ಪನಿಗೆ ಎದುರು ಮಾತಾಡುವ ವಯಸ್ಸು. ಬೆಳಗಿನ ಚಳಿಯಲ್ಲಿ ಕೀ ತಿರುಗಿಸಿದರೆ ಬಲು ವಿನಯದಿಂದ ಸ್ಟಾರ್ಟ್ ಆಗುತ್ತಿತ್ತು. ಗೇಟು ದಾಟುವಷ್ಟರಲ್ಲಿ ಎರಡು ಸಲ ಬಿಕ್ಕಿ, ಮೈ ನಡುಗಿಸಿ, ರಸ್ತೆಗೆ ಅಡ್ಡಲಾಗಿ ಪ್ರಾಣ ಬಿಡುತ್ತಿತ್ತು. ನಾಲ್ಕೈದು ಸಲ ಸತ್ತು ಹುಟ್ಟಿ ಮೈ ಬಿಸಿಯಾಯಿತೋ, ಆಮೇಲೆ ದಿನವಿಡೀ ಕುದುರೆ.

ಈ ಪುನರ್ಜನ್ಮಗಳನ್ನೆಲ್ಲ ನೋಡಿ ಸಾಕಾಗಿದ್ದ ಹೆಂಡತಿ (ಆಸ್ಪತ್ರೆಯಲ್ಲಿ ಹೆಡ್ ನರ್ಸ್, ಮನೆಯಲ್ಲಿ ಸುಪ್ರೀಂ ಕೋರ್ಟು) ತೀರ್ಪು ಕೊಟ್ಟರು. ಭಾನುವಾರ ಒಂಬತ್ತಕ್ಕೆ ಹಳೇ ಕಾರು ಕೊಳ್ಳುವವನು ಬರುತ್ತಾನೆ. ಅವನ ಎದುರು ತಣ್ಣಗಿನ ಎಂಜಿನ್ ಐದು ನಿಮಿಷ ನಿಲ್ಲದೆ ಉಸಿರಾಡಿದರೆ ಕಾರು ಮನೆಯಲ್ಲಿರಲಿ, ಇಲ್ಲದಿದ್ದರೆ ಅವನ ಹಿಂದೆ ಹೋಗಲಿ. ಮೇಷ್ಟ್ರು ಹೋಗಿ ಕಾರಿನ ಬಾನೆಟ್ ಸವರಿದರು. ಹೆರಿಗೆ ವಾರ್ಡಿನಿಂದ ಮಗಳನ್ನು ಮನೆಗೆ ತಂದ ಕಾರು ಅದು. (ಆವತ್ತು ಒಮ್ಮೆಯೂ ನಿಂತಿರಲಿಲ್ಲ.)

ಮೇಷ್ಟ್ರು ಸಂಶೋಧನೆಗೆ ಇಳಿದರು. ಬ್ಯಾಟರಿ ಬದಲಾಯಿತು, ಪ್ಲಗ್ ಬದಲಾಯಿತು, ಪೆಟ್ರೋಲ್ ಫಿಲ್ಟರ್ ಬದಲಾಯಿತು. ಕಾರಿನ ಬುದ್ಧಿ ಬದಲಾಗಲಿಲ್ಲ. ಮೆಕ್ಯಾನಿಕ್ ಅವರ ಹಳೇ ವಿದ್ಯಾರ್ಥಿ. ಸಂಜೆ ಅವನ ಗ್ಯಾರೇಜಿಗೆ ಓಡಿಸಿಕೊಂಡು ಹೋದರೆ, ಕಾರು ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಮರ್ಯಾದಸ್ಥನಾಗಿ ನಿಲ್ಲುತ್ತಿತ್ತು. ಏನೂ ತೊಂದರೆಯಿಲ್ಲ ಸರ್ ಎಂದು ಅವನು ಮೂರು ಸಲ ವಾಪಸ್ ಕಳಿಸಿದ್ದ.

ಶನಿವಾರ ಊಟದ ಹೊತ್ತಿಗೆ ಈ ಗೋಳು ಕೇಳಿದ ಹೆಂಡತಿ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಜ್ವರ ಬಿಟ್ಟ ಮೇಲೆ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರೆ ಅವರು ಏನ್ರೀ ಹೇಳ್ತಾರೆ? ಜ್ವರ ಇದ್ದಾಗ ತೋರಿಸ್ಬೇಕು."

ಮೇಷ್ಟ್ರು ತುತ್ತನ್ನು ತಟ್ಟೆಗೇ ಬಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡಿದರು.

ಭಾನುವಾರ ಬೆಳಿಗ್ಗೆ ಆರೂವರೆಗೇ ಮೆಕ್ಯಾನಿಕ್ ಆಕಳಿಸುತ್ತ ಹಾಜರು. ಹೆಂಡತಿ ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ಬಂದರು. ಮೇಷ್ಟ್ರಿಗೆ ನಗು ಉಕ್ಕಿತು. ಬಹುಕಾಲದ ದಾಂಪತ್ಯದ ಅನುಭವ ಅದನ್ನು ಗಂಟಲಲ್ಲೇ ಕೆಮ್ಮಾಗಿ ಮಾರ್ಪಡಿಸಿತು. ಅವರು ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿ, ಎತ್ತಿದ ಬಾನೆಟ್ಟಿನ ಸಂದಿಯಿಂದ ಇಣುಕಿದರು. ಹೆಂಡತಿ ಕಣ್ಣು ಮುಚ್ಚಿದ್ದರು. ಸ್ಟೆತಸ್ಕೋಪು ಎಂಜಿನ್ನಿನ ಮೇಲೆ ಮೆಲ್ಲಗೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಕಾರು ಬಿಕ್ಕತೊಡಗಿತು.

"ಉಸಿರು ಸೋರ್ತಿದೆ," ಎಂದರು ಹೆಂಡತಿ. ಎಂಜಿನ್ನಿನ ಹಿಂಬದಿಗೆ ಕೈ ತೂರಿಸಿ, ಸಣ್ಣ ಕಪ್ಪು ರಬ್ಬರ್ ಪೈಪಿನ ಬಿರುಕಿನ ಮೇಲೆ ಹೆಬ್ಬೆರಳಿಟ್ಟರು.

ಸಾಯುತ್ತಿದ್ದ ಕಾರು ಸಾಯುವುದನ್ನು ಬಿಟ್ಟಿತು. ಬಿಕ್ಕು ನಿಂತಿತು, ನಡುಕ ನಿಂತಿತು, ಎಂಜಿನ್ ನಿದ್ದೆ ಹೋದ ಮಗುವಿನ ಹಾಗೆ ಸಮಾಧಾನವಾಗಿ ಗುರುಗುಟ್ಟಿತು. ಬೆರಳು ತೆಗೆದರೆ ಬಿಕ್ಕು, ಇಟ್ಟರೆ ಸಮಾಧಾನ. ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು. ಚಳಿಗೆ ಬಿರುಕು ಬಾಯಿ ಬಿಡುತ್ತದೆ, ಬಿಸಿಗೆ ರಬ್ಬರು ಹಿಗ್ಗಿ ಮುಚ್ಚಿಕೊಳ್ಳುತ್ತದೆ! ಇದೇ ಪಾಠವನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು ಅವರ ಕೈ. ಆದರೆ ಪರೀಕ್ಷೆಯಲ್ಲಿ ಪಾಸಾದದ್ದು ಆ ಹೆಬ್ಬೆರಳು. ಅವರು ಕಾರಿನಿಂದಿಳಿದು ಹೆಂಡತಿಯ ಬಳಿ ಬಂದರು. ಕೈ ತಾನಾಗಿ ಮುಗಿಯಲು ಹೊರಟಿತ್ತು.

ಅಷ್ಟರಲ್ಲಿ ಹೆಂಡತಿ ಆ ಪೈಪಿಗೆ ಕಚ್ಚಿಕೊಂಡಿದ್ದ ಏನನ್ನೋ ಕಿತ್ತು ಬೆಳಕಿಗೆ ಹಿಡಿದರು. ಗ್ರೀಸ್ ಒರೆಸಿದರೆ ನೀಲಿ.

ಮುಗಿಯಲಿದ್ದ ಕೈ ಕಿವಿ ಕೆರೆದುಕೊಂಡಿತು. ಮೂರು ತಿಂಗಳ ಹಿಂದೆ ಎಂಜಿನ್ ಒರೆಸಿದ ಬಟ್ಟೆ ಗಾಳಿಗೆ ಹಾರದಿರಲಿ ಎಂದು ಮೇಷ್ಟ್ರು ತಂತಿಯ ಕ್ಲಿಪ್ ತಂದು ಆ ಪೈಪಿಗೇ ಹಾಕಿದ್ದರು. ಬಟ್ಟೆ ಮನೆಯೊಳಗೆ ಹೋಯಿತು, ಕ್ಲಿಪ್ಪು ಅಲ್ಲೇ ಹಲ್ಲೂರಿ ಪೈಪನ್ನು ಸೀಳಿತು.

ಮೆಕ್ಯಾನಿಕ್ ನೆಲ ನೋಡುತ್ತ ಹೇಳಿದ: "ಮೊದಲ ದಿನಾನೇ ನೋಡಿದ್ದೆ ಮೇಡಂ. ಫಿಸಿಕ್ಸ್ ಸರ್ ಹಾಕಿದ್ದಾರೆ ಅಂದ್ರೆ ಅದಕ್ಕೇನೋ ತತ್ವ ಇರುತ್ತೆ ಅಂತ ಮುಟ್ಟಲಿಲ್ಲ."

ಹೆಂಡತಿ ಕ್ಲಿಪ್ಪನ್ನು ತೆಗೆದಿಟ್ಟುಕೊಂಡರು. ಆಸ್ಪತ್ರೆಯ ಪ್ಲಾಸ್ಟರಿನಿಂದ ಪೈಪಿನ ಗಾಯಕ್ಕೆ ಪಟ್ಟಿ ಸುತ್ತಿ, ಪೇಷಂಟನ್ನು ಒಂಬತ್ತರವರೆಗೆ ತಣ್ಣಗೆ ಮಲಗಿಸಿದರು. ಕೊಳ್ಳುವವನು ಗೇಟಿನ ಬಳಿ ಬಂದಾಗ ಮೇಷ್ಟ್ರು ಉತ್ಸಾಹದಿಂದ ಕೀಗೆ ಕೈ ಚಾಚಿದರು. ಅಂಗೈಗೆ ಬಿದ್ದದ್ದು ಕ್ಲಿಪ್ಪು.

"ಕಾರು ನಾನು ನೋಡ್ಕೋತೀನಿ. ನೀವು ಇದನ್ನ ತಗೊಂಡ್ ಹೋಗಿ ಟೈಲರಕ್ಕನ ಹತ್ರ ತಪ್ಪಾಯ್ತು ಅಂತ ಹೇಳಿ ಬನ್ನಿ. ಎಂಜಿನ್ ನಿಂತ್ರೆ ಮಾತ್ರ ಕರೀತೀನಿ."

ಪಕ್ಕದ ಮನೆಯ ಬೆಲ್ ಒತ್ತಿ ಮೇಷ್ಟ್ರು ಕಾದರು. ಒಳಗಿನಿಂದ ಹೆಜ್ಜೆ ಸಪ್ಪಳ, ಜೊತೆಗೆ ಕತ್ತರಿಯ ಸಪ್ಪಳ. ಕಾಂಪೌಂಡಿನ ಆಚೆ ಕಾರು ಸ್ಟಾರ್ಟ್ ಆಯಿತು. ವಾರವಿಡೀ ನಿಲ್ಲಬೇಡಪ್ಪಾ ಎಂದು ಅದರ ಕಾಲು ಹಿಡಿದಿದ್ದ ಮೇಷ್ಟ್ರು, ಈಗ ಕಣ್ಣು ಮುಚ್ಚಿ ಬೇಡಿಕೊಂಡರು: ಒಂದೇ ಒಂದು ಸಲ ನಿಂತುಬಿಡು, ಮಾರಾಯ.

ಬಾಗಿಲು ತೆರೆಯಿತು. ಕಾರು ನಿಲ್ಲಲಿಲ್ಲ.